ಚ್ವಿ ಕಲಿಯಬೇಕೇ? ಕನ್ನಡದ ಬಾಗಿಲಿಂದಲೇ ಒಳಗೆ ಬನ್ನಿ

ಓದುಗರ ಪ್ರಶ್ನೆ: ನಾನು ಕಾರ್ಕಳದವನು. ಎರಡು ವರ್ಷದಿಂದ ಘಾನಾದ ತೆಮಾ ಬಂದರಿನ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಫೀಸಿಗೆ ಇಂಗ್ಲಿಷ್ ಸಾಕು. ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರೂ ಟ್ವಿ ಭಾಷೆಯಲ್ಲಿ ಮಾತಾಡಿ ನಗುತ್ತಾರೆ, ನಾನು ಸುಮ್ನೆ ಕೂತಿರುತ್ತೇನೆ. ನಾಲ್ಕು ತಿಂಗಳು ಆ್ಯಪ್‌ನಲ್ಲಿ ಕಲಿತೆ. ಪದಗಳು ಗೊತ್ತು, ಆದರೆ ನಾನು ಹೇಳಿದ್ದು ಯಾರಿಗೂ ಅರ್ಥ ಆಗುವುದಿಲ್ಲ. ಮುಂದಿನ ತಿಂಗಳು ಕುಮಾಸಿಗೆ ವರ್ಗವಾಗುತ್ತಿದೆ. ಎಲ್ಲಿಂದ ಶುರು ಮಾಡಲಿ? ಯಾವ ಟ್ವಿ ಕಲಿಯಲಿ? ಅವರ ರೀತಿ ರಿವಾಜು ಎಷ್ಟು ತಿಳಿದಿರಬೇಕು?

ಉತ್ತರ:

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಇಂಗ್ಲಿಷ್‌ನಲ್ಲೇ ಕೆಲಸ ನಡೆಯುವ ಕಡೆ ಇದ್ದೂ ಊರಿನ ಭಾಷೆ ಕಲಿಯಬೇಕು ಅನ್ನಿಸುವುದು ಎಲ್ಲರಿಗೂ ಆಗುವುದಿಲ್ಲ. ನಾನು ಒಂಬತ್ತು ವರ್ಷ ಕುಮಾಸಿಯಲ್ಲಿದ್ದೆ. ಅಲ್ಲಿಗೆ ಹೊಸದಾಗಿ ಬಂದ ನಮ್ಮವರಿಗೆ ಭಾಷೆ ಹೇಳಿಕೊಟ್ಟಿದ್ದೇನೆ. ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಅವರು ಇಂಗ್ಲಿಷನ್ನು ನಡುವೆ ಇಟ್ಟುಕೊಂಡು ಕಲಿಯುತ್ತಾರೆ. ಇಂಗ್ಲಿಷ್ ಅಕ್ಷರ ನೋಡಿ ಓದುತ್ತಾರೆ, ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಮಾಡಿ ಆಮೇಲೆ ತಿರುಗಿಸುತ್ತಾರೆ. ಕನ್ನಡ ಬಲ್ಲವರಿಗೆ ಆ ಸುತ್ತು ದಾರಿ ಬೇಕಾಗಿಯೇ ಇಲ್ಲ.

ಭಾಷೆಯ ಹೆಸರನ್ನೇ ನೋಡಿ. ನೀವು 'ಟ್ವಿ' ಎಂದು ಬರೆದಿದ್ದೀರಿ. ಅಲ್ಲಿನವರ ಬಾಯಲ್ಲಿ ಅದು 'ಚ್ವಿ'. ತುಟಿ ದುಂಡಗೆ ಮಾಡಿಕೊಂಡು 'ಚಿ' ಅಂದರೆ ಬರುವ ಸದ್ದು. ಅವರ ಬರವಣಿಗೆಯಲ್ಲಿ ಟಿ ಮತ್ತು ಡಬ್ಲ್ಯು ಸೇರಿ, ಮುಂದೆ ಇ ಅಥವಾ ಎ ಥರದ ಸ್ವರ ಬಂದರೆ 'ಚ್ವ' ಆಗುತ್ತದೆ. ಡಿ ಮತ್ತು ಡಬ್ಲ್ಯು ಸೇರಿದರೆ 'ಜ್ವ'. ಕೆ ಮತ್ತು ವೈ ಸೇರಿದರೆ ನಮ್ಮ 'ಚ'. ಜಿ ಮತ್ತು ವೈ ಸೇರಿದರೆ 'ಜ'. ಎಚ್ ಮತ್ತು ವೈ ಸೇರಿದರೆ 'ಶ'ಕ್ಕೆ ತೀರಾ ಹತ್ತಿರ. ಎನ್ ಮತ್ತು ವೈ ಸೇರಿದರೆ 'ಞ'. ಶಾಲೆಯಲ್ಲಿ ಬರೆಯಲು ಕಲಿತು ಆಮೇಲೆ ಮರೆತ ಆ ಅಕ್ಷರಕ್ಕೆ ಇಲ್ಲಿ ದಿನಾ ಕೆಲಸ ಇದೆ. ದೇವರಿಗೆ ಅವರು ಹೇಳುವ ಪದ 'ಞಾಮೆ'. ಇನ್ನೊಂದು ವಿಷಯ. ಟಿ, ಡಿ ಕಂಡ ತಕ್ಷಣ ನಾವು ನಾಲಿಗೆ ಮಡಚಿ 'ಟ', 'ಡ' ಅನ್ನುತ್ತೇವೆ. ಚ್ವಿಯಲ್ಲಿ ನಾಲಿಗೆ ಮಡಚುವ ಸದ್ದೇ ಇಲ್ಲ. 'ತ', 'ದ' ಅನ್ನಿ. ಈ ಒಂದು ಬದಲಾವಣೆ ಮಾಡಿದರೆ ನಾಳೆಯೇ ನಿಮ್ಮ ಜೊತೆಯವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಅದಕ್ಕೇ ಹೇಳುವುದು, ಒಂದು ನೋಟ್ ಪುಸ್ತಕ ತಗೊಳ್ಳಿ, ಚ್ವಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ನಾನೂ ಈ ಉತ್ತರದಲ್ಲಿ ಹಾಗೇ ಬರೆಯುತ್ತಿದ್ದೇನೆ. ಆದರೆ ನಮ್ಮ ಲಿಪಿಗೂ ಎಲ್ಲವೂ ಸಿಗುವುದಿಲ್ಲ. ಚ್ವಿಯಲ್ಲಿ ಎರಡು ಬಗೆಯ 'ಎ', ಎರಡು ಬಗೆಯ 'ಒ' ಇವೆ. ಒಂದು ಬಾಯಿ ಕಿರಿದು ಮಾಡಿ ಹೇಳುವುದು, ಇನ್ನೊಂದು ಬಾಯಿ ಅಗಲ ತೆರೆದು ಹೇಳುವುದು. ಅವರ 22 ಅಕ್ಷರಗಳ ಪಟ್ಟಿಯಲ್ಲಿ ತಿರುಗಿಸಿಟ್ಟ 3ರ ಹಾಗೆ ಒಂದು, ತಿರುಗಿಸಿಟ್ಟ ಸಿ ಹಾಗೆ ಒಂದು ಅಕ್ಷರ ಇವೆಯಲ್ಲ, ಅವು ಈ ತೆರೆದ ಸ್ವರಗಳಿಗಾಗಿಯೇ. ನೋಟ್ ಪುಸ್ತಕದಲ್ಲಿ ತೆರೆದ ಸ್ವರದ ಕೆಳಗೆ ಒಂದು ಚುಕ್ಕೆ ಹಾಕಿಕೊಳ್ಳಿ. ಕೆಲವು ಸ್ವರಗಳನ್ನು ಮೂಗಿನಲ್ಲಿ ಹೇಳಬೇಕು. 'ಫಿ' ಅಂದರೆ ಹೊರಗೆ ಬರುವುದು. ಅದನ್ನೇ ಮೂಗಿನಲ್ಲಿ ಹೇಳಿದರೆ ಕೊಳೆಯಾಗುವುದು. ಬರವಣಿಗೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಕಿವಿಯಿಂದಲೇ ಹಿಡಿಯಬೇಕು.

ಈಗ ನಿಮ್ಮ ಮಾತು ಅರ್ಥವಾಗದೆ ಇರುವುದಕ್ಕೆ ನಿಜವಾದ ಕಾರಣಕ್ಕೆ ಬರುತ್ತೇನೆ. ಅದು ದನಿಯ ಏರಿಳಿತ. ಕನ್ನಡದಲ್ಲಿ 'ಮನೆ' ಅನ್ನುವುದನ್ನು ಮೇಲಿನ ದನಿಯಲ್ಲಿ ಹೇಳಿದರೂ ಮನೆ, ಕೆಳಗಿನ ದನಿಯಲ್ಲಿ ಹೇಳಿದರೂ ಮನೆ. ಚ್ವಿಯಲ್ಲಿ ಹಾಗಲ್ಲ. 'ಪಪಾ' ಅನ್ನುವ ಪದವನ್ನು ತಗೊಳ್ಳಿ. ಎರಡೂ ಅಕ್ಷರ ಮೇಲಿನ ದನಿಯಲ್ಲಿದ್ದರೆ ಒಳ್ಳೆಯದು ಎಂದು ಅರ್ಥ. ಮೊದಲನೆಯದು ಕೆಳಗೆ, ಎರಡನೆಯದು ಮೇಲೆ ಇದ್ದರೆ ಅಪ್ಪ. ಎರಡೂ ಕೆಳಗಿದ್ದರೆ ಬೀಸಣಿಗೆ. ಆ್ಯಪ್‌ನಲ್ಲಿ ಬರುವ ಬರಹದಲ್ಲಿ ಈ ಗುರುತು ಇರುವುದೇ ಇಲ್ಲ, ಪುಸ್ತಕಗಳಲ್ಲೂ ಸಾಮಾನ್ಯವಾಗಿ ಹಾಕುವುದಿಲ್ಲ. ಹಾಗಾಗಿ ನೀವು ನಾಲ್ಕು ತಿಂಗಳು ಪದದ ಅರ್ಧವನ್ನಷ್ಟೇ ಕಲಿತಿದ್ದೀರಿ. ಅದು ನಿಮ್ಮ ತಪ್ಪಲ್ಲ.

ಇದನ್ನು ಕಲಿಯಲು ಒಂದು ಸುಲಭ ಉಪಾಯ ಇದೆ. ಕುಮಾಸಿಯಲ್ಲಿ 'ಅತುಂಪಾನ್' ಎಂಬ ಜೋಡಿ ಮದ್ದಳೆಯನ್ನು ಕೇಳಿ. ಒಂದರ ದನಿ ಎತ್ತರ, ಇನ್ನೊಂದರ ದನಿ ತಗ್ಗು. ಅದನ್ನು ಬಾರಿಸುವವನು ಮಾತಿನ ಏರಿಳಿತವನ್ನೇ ಬಾರಿಸುತ್ತಾನೆ, ಕೇಳುವವರಿಗೆ ಅದು ಮಾತಾಗಿಯೇ ಕೇಳುತ್ತದೆ. ಅರಸನನ್ನು ಹೊಗಳುವುದು, ಹಿರಿಯರ ಹೆಸರು ಕರೆಯುವುದು ಎಲ್ಲವೂ ಈ ಮದ್ದಳೆಯಲ್ಲಿ ನಡೆಯುತ್ತದೆ. ನೀವೂ ಹಾಗೇ ಮಾಡಿ. ಹೊಸ ಪದ ಕಲಿತ ಕೂಡಲೇ ಅಕ್ಷರ ಬಿಟ್ಟು ಬರೀ ರಾಗದಲ್ಲಿ ಗುನುಗಿ, ಮೇಜಿನ ಮೇಲೆ ಎರಡು ಬೆರಳಿನಲ್ಲಿ ತಟ್ಟಿ. ಯಕ್ಷಗಾನದ ಚೆಂಡೆ ಕೇಳಿ ಬೆಳೆದ ಕಿವಿ ನಿಮ್ಮದು, ಬೇಗ ಹಿಡಿಯುತ್ತದೆ.

ಯಾವ ಚ್ವಿ ಎಂದು ಕೇಳಿದ್ದೀರಿ. ಕುಮಾಸಿಗೆ ಹೋಗುವವರಿಗೆ ಅಸಾಂತೆ ಚ್ವಿ, ಅದರಲ್ಲಿ ಎರಡನೇ ಮಾತಿಲ್ಲ. ಆಕಾನ್ ಎಂಬ ದೊಡ್ಡ ಭಾಷೆಯ ಒಳಗೆ ಅಸಾಂತೆ, ಅಕುವಾಪೆಂ, ಫಾಂತೆ ಎಂಬ ಮೂರು ಮುಖ್ಯ ರೂಪಗಳಿವೆ. ಫಾಂತೆ ಕರಾವಳಿಯದು, ಕೇಪ್ ಕೋಸ್ಟ್ ಕಡೆಯದು. ಅಕುವಾಪೆಂ ಅಕ್ರಾದ ಉತ್ತರಕ್ಕಿರುವ ಗುಡ್ಡಗಳದು. ಅಸಾಂತೆಯಲ್ಲಿ ಪದದ ಕೊನೆಗೆ ಒಂದು ಸ್ವರ ಜಾಸ್ತಿ ಇರುತ್ತದೆ. ನೀರಿಗೆ ಅಕುವಾಪೆಂನಲ್ಲಿ 'ನ್ಸು', ಅಸಾಂತೆಯಲ್ಲಿ 'ನ್ಸುವೊ'. ಮಂಗಳೂರು ಕನ್ನಡಕ್ಕೂ ಧಾರವಾಡ ಕನ್ನಡಕ್ಕೂ ಇರುವಷ್ಟು ಅಂತರ ಅಂದುಕೊಳ್ಳಿ. ಒಂದು ಕಲಿತರೆ ಇನ್ನೊಂದು ತಾನಾಗಿ ಕಿವಿಗೆ ಬೀಳುತ್ತದೆ.

ಆದರೆ ಮೊದಲು ಪುಸ್ತಕದ ಭಾಷೆಯಾದದ್ದು ಆ ಗುಡ್ಡಗಳ ಅಕುವಾಪೆಂ. ಅದರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ, ಏಕೆಂದರೆ ಅದು ನಮ್ಮ ಕರಾವಳಿಗೆ ಅಂಟಿಕೊಂಡ ಕಥೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1828ರಲ್ಲಿ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ ಬಂತು. ಅದೇ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1853ರಲ್ಲಿ ಬಾಸೆಲ್‌ನಲ್ಲಿ ಓದಿದ ಇಬ್ಬರು ಜರ್ಮನ್ ಯುವಕರು ಎರಡು ದಿಕ್ಕಿನಲ್ಲಿ ಬಂದಿಳಿದರು. ಒಬ್ಬರು ಫರ್ಡಿನಾಂಡ್ ಕಿಟೆಲ್, ನಮ್ಮ ಕಡೆಗೆ. ಇನ್ನೊಬ್ಬರು ಯೋಹಾನ್ ಗಾಟ್ಲೀಬ್ ಕ್ರಿಸ್ಟಾಲರ್, ಗೋಲ್ಡ್ ಕೋಸ್ಟಿಗೆ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಕ್ರಿಸ್ಟಾಲರ್ ಅವರ ಚ್ವಿ ವ್ಯಾಕರಣ 1875ರಲ್ಲಿ, ನಿಘಂಟು 1881ರಲ್ಲಿ ಬಂದವು. ಅವುಗಳ ನಡುವೆ, 1879ರಲ್ಲಿ, ಅವರು 3,600 ಚ್ವಿ ಗಾದೆಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದರು. ಇವತ್ತಿಗೂ ಚ್ವಿಯ ಮೇಲೆ ಕೆಲಸ ಮಾಡುವವರು ಕ್ರಿಸ್ಟಾಲರ್ ನಿಘಂಟು ತೆರೆಯುತ್ತಾರೆ, ನಾವು ಕಿಟೆಲ್ ನಿಘಂಟು ತೆರೆಯುವ ಹಾಗೆಯೇ. ಮಂಗಳೂರಿನ ಹೆಂಚು, ಮಗ್ಗದ ಬಟ್ಟೆ ನೋಡಿದಾಗ ನಮಗೆ ಬಾಸೆಲ್ ಮಿಷನ್ ನೆನಪಾಗುತ್ತದೆ. ಅಕುವಾಪೆಂ ಗುಡ್ಡದ ಅಕ್ರೊಪೊಂಗ್‌ನಲ್ಲಿ ಅವರು 1848ರಲ್ಲಿ ತೆರೆದ ಶಿಕ್ಷಕರ ಶಾಲೆ ಈಗಲೂ ಕಾಲೇಜಾಗಿ ನಡೆಯುತ್ತಿದೆ. ಒಂದು ರಜಾ ದಿನ ಹೋಗಿ ಬನ್ನಿ. ಮಂಗಳೂರಿನ ಬಲ್ಮಠದಲ್ಲಿ ನಿಂತ ಹಾಗೆ ಅನ್ನಿಸುತ್ತದೆ.

ಪೋರ್ಚುಗೀಸರ ದಾರಿಯಲ್ಲೂ ಒಂದು ನಂಟು ಉಂಟು. ಅವರು 1482ರಲ್ಲಿ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು, 1510ರಲ್ಲಿ ಗೋವಾ ಹಿಡಿದರು. ಬ್ರೆಡ್ಡಿಗೆ ಚ್ವಿಯಲ್ಲಿ 'ಪಾನೊ'. ನಮ್ಮ ಪಾವ್ ಭಾಜಿಯ 'ಪಾವ್' ಮತ್ತು ಈ 'ಪಾನೊ' ಒಂದೇ ಪೋರ್ಚುಗೀಸ್ ಪದದ ಮಕ್ಕಳು.

ಈಗ ನೀವು ನಾಳೆಯಿಂದಲೇ ಮಾಡಬೇಕಾದ ಕೆಲಸ. ಅದು ನಮಸ್ಕಾರ ಹೇಳುವುದು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಾನು ಕುಮಾಸಿಗೆ ಹೋದ ಮೊದಲ ತಿಂಗಳು, ಮನೆಯ ನಲ್ಲಿ ಸೋರುತ್ತಿತ್ತು. ಬೆಳಿಗ್ಗೆ ಮಾಲಕಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ನಲ್ಲಿಯ ಮಾತು ಶುರು ಮಾಡಿದೆ. ಆ ಅಜ್ಜಿ ನನ್ನ ಮುಖ ನೋಡಿ ಮೆಲ್ಲಗೆ 'ಮಾಚೆ' ಅಂದರು. ನಾನು ನಲ್ಲಿ ಅಂದೆ. ಅವರು ಮತ್ತೆ 'ಮಾಚೆ' ಅಂದರು. ಮೂರನೇ ಸಲ ನನಗೆ ಹೊಳೆಯಿತು. ನಮಸ್ಕಾರ ಹೇಳದೆ ಬಾಯಿ ತೆರೆದವನ ಮಾತು ಅಲ್ಲಿ ಮಾತೇ ಅಲ್ಲ. ಕೋಪ ಮಾಡಿಕೊಳ್ಳದೆ ಕಲಿಸಿದ ಅವರನ್ನು ನಾನು ಈಗಲೂ ನೆನೆಯುತ್ತೇನೆ.

ಬೆಳಿಗ್ಗೆ 'ಮಾಚೆ', ಮಧ್ಯಾಹ್ನ 'ಮಾಹಾ', ಸಂಜೆ 'ಮಾಜ್ವೊ'. ಇದು ಹೇಳುವ ಭಾಗ. ಉತ್ತರ ಕೊಡುವ ಭಾಗ ಇನ್ನೂ ಚೆಂದ. ಉತ್ತರದಲ್ಲಿ 'ಯಾ' ಎಂದು ಹೇಳಿ, ಎದುರಿನವರು ನಿಮಗೆ ಏನಾಗಬೇಕೋ ಆ ಸಂಬಂಧವನ್ನು ಸೇರಿಸಬೇಕು. ಅಪ್ಪನ ವಯಸ್ಸಿನವರಿಗೆ 'ಯಾ ಅಜಾ', ಅಮ್ಮನ ವಯಸ್ಸಿನವರಿಗೆ 'ಯಾ ಎನಾ', ಓರಗೆಯವರಿಗೆ 'ಯಾ ನುವಾ', ಮಕ್ಕಳಿಗೆ 'ಯಾ ಒಬಾ'. 'ಅಜಾ' ಅಂದರೆ ನಮ್ಮ ಅಜ್ಜ ಅಲ್ಲ, ಅಪ್ಪ. ಅಜ್ಜ, ಅಜ್ಜಿ ಇಬ್ಬರಿಗೂ 'ನಾನಾ', ಅರಸನಿಗೂ 'ನಾನಾ'. ಗೊತ್ತಿಲ್ಲದ ಅಂಗಡಿಯವರನ್ನೂ ಅಣ್ಣ, ಅಕ್ಕ ಎಂದು ಕರೆದು ಬೆಳೆದ ನಮಗೆ ಇದು ಹೊಸದೇ ಅಲ್ಲ, ಅಲ್ವಾ? ಆಮೇಲೆ 'ವೊ ಹೊ ತೆ ಸೆನ್?' ಎಂದು ಕೇಳಬೇಕು. ನಿನ್ನ ಮೈ ಹೇಗಿದೆ ಎಂದು ಅರ್ಥ. 'ಮೆ ಹೊ ಯೆ' ಎಂದರೆ ಚೆನ್ನಾಗಿದ್ದೇನೆ. ಆತುರದಲ್ಲಿದ್ದರೂ ಇದನ್ನು ಬಿಡಬೇಡಿ.

ಗುಂಪಿನಲ್ಲಿ ಹಿರಿಯರು ಕೂತಿದ್ದರೆ, ಬಂದವರು ಬಲದಿಂದ ಶುರು ಮಾಡಿ ಎಡಕ್ಕೆ ಒಬ್ಬೊಬ್ಬರ ಕೈ ಕುಲುಕುತ್ತಾ ಹೋಗಬೇಕು. ನಡುವೆ ಒಬ್ಬರನ್ನು ಬಿಟ್ಟು ದೊಡ್ಡವರ ಹತ್ತಿರ ಓಡಬಾರದು. ಎಡಗೈ ಮುಂದೆ ಮಾಡಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ, ಎಡಗೈಯಲ್ಲಿ ದಾರಿ ತೋರಿಸುವುದೂ ತಪ್ಪು ಎಂಬುದನ್ನು ಮಾತ್ರ ನೆನಪಿಡಿ. ಯಾರದಾದರೂ ಮನೆಗೆ ಹೋದರೆ ಮೊದಲು ಕುರ್ಚಿ, ಆಮೇಲೆ ನೀರು. ನೀರು ಕುಡಿದ ಮೇಲೆ ಮನೆಯವರು ಬಂದ ಕಾರಣ ಕೇಳುತ್ತಾರೆ. ಅದಕ್ಕೆ 'ಅಮಾನೆ' ಎಂದು ಹೆಸರು. ಅವರು ಕೇಳುವ ಮುಂಚೆ ನೀವಾಗಿ ವಿಷಯ ತೆಗೆಯಬಾರದು. ಸುಮ್ನೆ ನೋಡಿಕೊಂಡು ಹೋಗೋಣ ಎಂದು ಬಂದಿದ್ದರೂ, ಸುಮ್ನೆ ಬಂದೆ ಎಂದು ಹೇಳುವುದೇ ನಿಮ್ಮ ಅಮಾನೆ.

'ಮೆ ಪ ವೊ ಚೆವ್' ಎಂಬ ಮಾತು ದಿನಕ್ಕೆ ಐವತ್ತು ಸಲ ಬರುತ್ತದೆ. ದಯವಿಟ್ಟು ಎಂದು ಅರ್ಥ. ಬಿಡಿಸಿದರೆ, ನಿನ್ನ ಮುಂದೆ ಟೋಪಿ ತೆಗೆಯುತ್ತೇನೆ. ಹಿರಿಯರಿಗೆ ಹೌದು, ಇಲ್ಲ ಎನ್ನುವಾಗಲೂ ಇದನ್ನು ಸೇರಿಸಿ. ಥ್ಯಾಂಕ್ಸ್ ಹೇಳಲು 'ಮೆದಾಸೆ'. ನೋವಿನ ಮಾತಿಗೆ ಮೂರು ಬೇರೆ ಪದಗಳಿವೆ, ಕಲಸಬೇಡಿ. ನೀವು ತಪ್ಪು ಮಾಡಿದರೆ 'ಕಫ್ರಾ'. ಯಾರಾದರೂ ಎಡವಿದರೆ, ಅವರ ಕೈಯಿಂದ ಏನೋ ಬಿದ್ದರೆ, ನಿಮ್ಮ ತಪ್ಪೇ ಇಲ್ಲದಿದ್ದರೂ 'ಕೊಸೆ'. ಸಾವಿನ ಮನೆಯಲ್ಲಿ 'ದುವೆ'. ಕೆಲಸ ಮಾಡುತ್ತಿರುವವರ ಪಕ್ಕದಿಂದ ಹಾದು ಹೋದರೆ 'ಅಯೆಕೂ' ಎನ್ನಿ. ನಿಮ್ಮ ಶ್ರಮ ಕಂಡೆ ಎಂದು ಹೇಳಿದ ಹಾಗೆ. ಹೊಸ ಗೋದಾಮಿನಲ್ಲಿ ಮೂಟೆ ಹೊರುವವರಿಗೆ ಮೊದಲ ದಿನವೇ ಹೇಳಿ ನೋಡಿ.

ಸಂಬಂಧದ ಪದಗಳ ವಿಷಯಕ್ಕೆ ಬಂದರೆ, ಇಲ್ಲಿ ಇಂಗ್ಲಿಷ್ ನಿಮ್ಮನ್ನು ಪೂರ್ತಿ ದಾರಿ ತಪ್ಪಿಸುತ್ತದೆ. ಇಂಗ್ಲಿಷ್‌ನಲ್ಲಿ ಎಲ್ಲರೂ ಅಂಕಲ್. ಚ್ವಿಯಲ್ಲಿ ಅಪ್ಪನ ಅಣ್ಣತಮ್ಮಂದಿರು 'ಅಜಾ', ಅಪ್ಪನೇ. ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಇದ್ದ ಹಾಗೆ. ಅಮ್ಮನ ಅಕ್ಕತಂಗಿಯರು 'ಎನಾ', ಅಮ್ಮನೇ. ಅಮ್ಮನ ಅಣ್ಣತಮ್ಮ ಮಾತ್ರ ಬೇರೆ, 'ವೊಫಾ'. ಅಪ್ಪನ ಅಕ್ಕತಂಗಿ ಬೇರೆ, 'ಸೆವಾ'. ಅಂದರೆ ಸೋದರಮಾವ, ಸೋದರತ್ತೆ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾಗುವುದೂ ಅಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಜೊತೆಯಲ್ಲಿ ಕೆಲಸ ಮಾಡುವ ಹುಡುಗ ತನಗೆ ಮೂವರು ಅಪ್ಪಂದಿರು ಎಂದರೆ ಯುರೋಪಿನವರು ಗಾಬರಿಯಾಗುತ್ತಾರೆ, ನಮಗೆ ಏನೂ ಅನ್ನಿಸುವುದಿಲ್ಲ.

ಅದರಲ್ಲೂ ನೀವು ಕಾರ್ಕಳದವರು. ಅಳಿಯಸಂತಾನ ಎಂದರೆ ಏನು ಎಂದು ನಿಮಗೆ ಯಾರೂ ವಿವರಿಸಬೇಕಿಲ್ಲ. ಆಕಾನರ ಕುಲ ತಾಯಿಯ ಕಡೆಯಿಂದ. ಆ ಕುಲಕ್ಕೆ 'ಅಬುಸುವಾ' ಎಂದು ಹೆಸರು. ಒಯೊಕೊ, ಬ್ರೆತುವೊ, ಅಗೊನಾ, ಅಸೊನಾ, ಅಸೆನಿಯೆ, ಅದುವಾನಾ, ಎಕುವೊನಾ, ಅಸಾಚಿರಿ ಎಂಬ ಎಂಟು ಅಬುಸುವಾಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ತುಳುನಾಡಿನ ಬಳಿಗಳ ಹಾಗೆ, ಒಂದೇ ಅಬುಸುವಾದವರು ಮದುವೆಯಾಗುವಂತಿಲ್ಲ. ರಕ್ತ, ಅಂದರೆ 'ಮೊಜಾ', ತಾಯಿಯಿಂದ ಬರುತ್ತದೆ ಎಂಬುದು ಅವರ ತಿಳಿವಳಿಕೆ. ಅರಸನ ಪೀಠ ಅವನ ಮಗನಿಗೆ ಹೋಗುವುದಿಲ್ಲ. ತಮ್ಮನಿಗೋ ಅಕ್ಕತಂಗಿಯರ ಮಗನಿಗೋ ಹೋಗುತ್ತದೆ. ಅಸಾಂತೆ ಅರಸನನ್ನು ಸೂಚಿಸುವ ಹಕ್ಕು ರಾಣಿ ತಾಯಿಯದು. ಆಸ್ತಿಯ ವಿಷಯದಲ್ಲಿ ಮಾತ್ರ 1985ರ ಕಾನೂನು ಬಂದ ಮೇಲೆ, ಉಯಿಲು ಬರೆಯದೆ ಸತ್ತವರ ಹೆಂಡತಿ ಮಕ್ಕಳಿಗೂ ಪಾಲು ಸಿಗುತ್ತದೆ. ಮನೆಯ ಜಗಳಗಳಲ್ಲಿ ವೊಫಾ ಎಂಬ ಪದ ಯಾಕೆ ಅಷ್ಟು ಸಲ ಬರುತ್ತದೆ ಎಂಬುದು ಇದು ಗೊತ್ತಿದ್ದರೆ ಮಾತ್ರ ಅರ್ಥವಾಗುತ್ತದೆ. ರೇಡಿಯೊ ನಾಟಕವೂ ಅಷ್ಟೇ.

ವ್ಯಾಕರಣಕ್ಕೆ ಹೆದರಬೇಡಿ. ಗಂಡು ಹೆಣ್ಣಿಗೆ ಬೇರೆ ಪದ ಇಲ್ಲ, ಅವನು, ಅವಳು ಎರಡಕ್ಕೂ 'ಒನೊ'. ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾಗುತ್ತದೆ, ಚ್ವಿಯಲ್ಲಿ ತಲೆ ಬದಲಾಗುತ್ತದೆ. 'ಕೊ' ಅಂದರೆ ಹೋಗು. 'ಮೆಕೊ' ಎಂದರೆ ಹೋಗುತ್ತೇನೆ, ದಿನಾ ಹೋಗುವ ಅರ್ಥದಲ್ಲಿ. 'ಮೆರೆಕೊ' ಹೋಗುತ್ತಿದ್ದೇನೆ. 'ಮಕೊ' ಹೋಗಿದ್ದೇನೆ. ನಡುವೆ ಒಂದು ಅನುಸ್ವಾರ ಬಂದು 'ಮೆಂಕೊ' ಆದರೆ ಹೋಗುವುದಿಲ್ಲ. ಸ್ವರಗಳು ಒಂದನ್ನೊಂದು ಎಳೆಯುತ್ತವೆ, ಹಾಗಾಗಿ 'ದಿ', ತಿನ್ನು, ಬಂದಾಗ 'ಮೆ' ಹೋಗಿ 'ಮಿದಿ' ಆಗುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ, ಸಂಧಿಯ ಹಾಗೆ ನಾಲಿಗೆಗೆ ತಾನಾಗಿ ಬರುತ್ತದೆ.

ಚ್ವಿಯ ನಿಜವಾದ ಸೊಗಸು ಕ್ರಿಯಾಪದಗಳ ಸಾಲಿನಲ್ಲಿದೆ. ನೀರು ತಾ ಎನ್ನಲು 'ಫ ನ್ಸುವೊ ಬ್ರ'. ಪದಕ್ಕೆ ಪದ ಹೇಳಿದರೆ, ತಗೊ, ನೀರು, ಬಾ. ನಮ್ಮ 'ತಗೊಂಡು ಬಾ' ನೆನಪಾಯಿತೇ? ನಮಗೆ ನಡುವೆ ಒಂದು 'ಕೊಂಡು' ಬೇಕು, ಅವರಿಗೆ ಅದೂ ಬೇಡ. ಕೆಲಸ ನಡೆದ ಕ್ರಮದಲ್ಲೇ ಕ್ರಿಯಾಪದಗಳನ್ನು ಜೋಡಿಸುತ್ತಾರೆ. ಅಂಗಿಗಳ ಮೇಲೆ, ಗೋಡೆಗಳ ಮೇಲೆ ಹಿಂದಕ್ಕೆ ಕತ್ತು ತಿರುಗಿಸಿದ ಹಕ್ಕಿಯ ಚಿತ್ರ ನೋಡಿರುತ್ತೀರಿ. ಅದರ ಹೆಸರು 'ಸನ್‌ಕೊಫ'. ಅದೂ ಮೂರು ಕ್ರಿಯಾಪದಗಳೇ. ಮರಳು, ಹೋಗು, ತಗೊ. ಮರೆತು ಬಂದದ್ದನ್ನು ಹಿಂದೆ ಹೋಗಿ ತರುವುದು ತಪ್ಪಲ್ಲ ಎಂಬ ಗಾದೆ ಆ ಹಕ್ಕಿಯ ಹಿಂದಿದೆ. ಈ ಅದಿಂಕ್ರ ಚಿತ್ರಗಳನ್ನು ಮರದ ತೊಗಟೆ ಕುದಿಸಿದ ಬಣ್ಣದಲ್ಲಿ ಬಟ್ಟೆಗೆ ಒತ್ತುವುದನ್ನು ಕುಮಾಸಿ ಹತ್ತಿರದ ನ್ತೊನ್ಸೊದಲ್ಲಿ ಕಣ್ಣಾರೆ ನೋಡಬಹುದು. ಕೆಂತೆ ಬಟ್ಟೆ ನೇಯುವ ಬೊನ್ವಿರೆಯೂ ಕುಮಾಸಿಗೆ ಹತ್ತಿರ.

'ಬೊ' ಎಂಬ ಪದವೊಂದನ್ನು ಚೆನ್ನಾಗಿ ಕಲಿಯಿರಿ. ಹೊಡೆ ಎಂದು ಅರ್ಥ. ಪ್ರಾರ್ಥನೆಯನ್ನೂ ಹೊಡೆಯುತ್ತಾರೆ, ಹೆಸರನ್ನೂ ಹೊಡೆಯುತ್ತಾರೆ, ಹುಚ್ಚು ಹಿಡಿದರೂ ಹೊಡೆಯುವುದೇ. ಗೊರಕೆ ಹೊಡೆ, ಹರಟೆ ಹೊಡೆ, ಸೀಟಿ ಹೊಡೆ ಎನ್ನುವ ನಮಗೆ ಈ ಪದದ ಗುಣ ಥಟ್ಟನೆ ಹಿಡಿಯುತ್ತದೆ. ಫೋಟೊವನ್ನು ಅವರು 'ಕತ್ತರಿಸುತ್ತಾರೆ', ಸುಳ್ಳನ್ನೂ ಕತ್ತರಿಸುತ್ತಾರೆ. ಜಾಗ ಹೇಳುವ ಪದ ನಾಮಪದದ ಹಿಂದೆ ಬರುತ್ತದೆ, ಮೇಜಿನ ಮೇಲೆ ಎಂದು ನಾವು ಹೇಳುವ ಕ್ರಮದಲ್ಲೇ 'ಪೊನೊ ನೊ ಸೊ'.

ಮನಸ್ಸಿನ ಮಾತೆಲ್ಲ ಮೈಯ ಮಾತು. 'ಮ ಅನಿ ಅಜೆ' ಎಂದರೆ ನನಗೆ ಖುಷಿಯಾಗಿದೆ, ಪದಶಃ ನನ್ನ ಕಣ್ಣು ಪಡೆದಿದೆ. 'ಮ ಅನಿ ಅವು' ಎಂದರೆ ನಾಚಿಕೆಯಾಗಿದೆ, ಕಣ್ಣು ಸತ್ತಿದೆ. ತಾಳ್ಮೆ ಎಂದರೆ ಎದೆ ತಣ್ಣಗಾಗುವುದು. ಉದಾರ ಗುಣ ಹೊಟ್ಟೆಯಲ್ಲಿದೆ, ಹೊಟ್ಟೆ ಒಳ್ಳೆಯದಿದ್ದವನೇ ಕೊಡುಗೈ. ನಮ್ಮಲ್ಲಿ ಹೊಟ್ಟೆ ಉರಿಯುತ್ತದೆ, ಹೊಟ್ಟೆಕಿಚ್ಚು ಪಡುತ್ತೇವೆ, ಹಾಗಾಗಿ ಈ ಲೋಕ ನಮಗೆ ಪರಕೀಯ ಅಲ್ಲ. ಆದರೂ ಒಂದು ಕಡೆ ಎಚ್ಚರ. ಕಣ್ಣು ಕೆಂಪಾಗುವುದು ನಮಗೆ ಸಿಟ್ಟು. ಅವರ 'ಅನಿಬೆರೆ', ಅಂದರೆ ಕಣ್ಣು ಕೆಂಪಾಗುವುದು, ಹಟ ಹಿಡಿದು ಗಂಭೀರವಾಗಿ ಒಂದರ ಬೆನ್ನು ಬೀಳುವುದು, ಕೆಲವೊಮ್ಮೆ ಆಸೆಬುರುಕತನ. ನನ್ನ ವಿದ್ಯಾರ್ಥಿಯೊಬ್ಬರು ಮೇಲಧಿಕಾರಿಗೆ ಸಿಟ್ಟು ಬಂದಿದೆ ಎಂದು ಹೇಳಲು ಹೋಗಿ ಇದನ್ನು ಬಳಸಿ ಪೇಚಿಗೆ ಸಿಕ್ಕಿದ್ದರು. ಕನ್ನಡದ ದಾರಿ ಒಳ್ಳೆಯದೇ, ಆದರೆ ಕೊನೆಯ ಮೆಟ್ಟಿಲಲ್ಲಿ ನಿಂತು ಅವರನ್ನು ಕೇಳಿಯೇ ಒಳಗೆ ಕಾಲಿಡಬೇಕು.

ಊಟದ ಮೇಜಿನ ನಗು ಅರ್ಥವಾಗಬೇಕಾದರೆ ಗಾದೆಗಳು ಬೇಕು. ಜಾಣ ಮಗುವಿಗೆ ಗಾದೆ ಹೇಳುತ್ತಾರೆ, ಬಿಡಿಸಿ ಹೇಳುವುದಿಲ್ಲ ಎಂಬುದು ಅವರದೇ ಒಂದು ಗಾದೆ. ನಾನು ಮೊದಲು ಕಲಿತದ್ದು 'ತಿಕೊರೊ ನ್ಕೊ ಅಜಿನಾ', ಒಂದೇ ತಲೆ ಮಂತ್ರಾಲೋಚನೆಗೆ ಹೋಗುವುದಿಲ್ಲ. ಮೀಟಿಂಗಿನಲ್ಲಿ ಒಬ್ಬರೇ ತೀರ್ಮಾನ ಮಾಡಲು ಹೊರಟಾಗ ಯಾರೋ ಒಬ್ಬರು ಇದನ್ನು ಮೆಲ್ಲಗೆ ಬಿಡುತ್ತಾರೆ. 'ಒಕೊತೊ ನ್ವೊ ಅನೊಮಾ' ಎಂದರೆ ಏಡಿ ಹಕ್ಕಿಯನ್ನು ಹಡೆಯುವುದಿಲ್ಲ. ನಾವು ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವ ಕಡೆ ಇದು ಬರುತ್ತದೆ. ಇಬ್ಬರು ಹೊತ್ತರೆ ನೋಯುವುದಿಲ್ಲ ಎಂಬ ಗಾದೆಯನ್ನು ಕೇಳಿದಾಗ ನನಗೆ ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬುದು ನೆನಪಾಯಿತು. ಹೊಸಬರಿಗೆಂದೇ ಒಂದಿದೆ. ಪರಊರಿನವನ ಕಣ್ಣು ದೊಡ್ಡ ದೊಡ್ಡದು, ಆದರೂ ಊರಿನಲ್ಲಿ ಇರುವುದು ಅವನಿಗೆ ಕಾಣುವುದಿಲ್ಲ. ಇದನ್ನು ನೀವಾಗಿಯೇ ಹೇಳಿಕೊಂಡರೆ ಎದುರಿನವರು ಮನಸ್ಸು ಬಿಚ್ಚಿ ಕಲಿಸುತ್ತಾರೆ.

ಆದರೆ ಹಿರಿಯರ ಮುಂದೆ ಗಾದೆ ಹೇಳುವಾಗ ಮೊದಲು 'ಸೆಬೆ' ಎನ್ನಬೇಕು. ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿಲ್ಲ, ಕ್ಷಮಿಸಿ ಎಂಬ ಭಾವ. ಮೈಯ, ಕೊಳಕಿನ ಅಥವಾ ಕೆಟ್ಟ ಸುದ್ದಿಯ ಮಾತು ಬಂದಾಗಲೂ 'ಸೆಬೆ'. ಅರಸನೊಡನೆ ಯಾರೂ ನೇರವಾಗಿ ಮಾತಾಡುವುದಿಲ್ಲ. ನಡುವೆ 'ಒಚಿಯಾಮೆ' ನಿಂತಿರುತ್ತಾನೆ, ಎರಡು ಕಡೆಯ ಮಾತನ್ನೂ ಅವನೇ ಚೆಂದ ಮಾಡಿ ದಾಟಿಸುತ್ತಾನೆ. ಅವನ ಚಿನ್ನದ ತಗಡು ಹೊದಿಸಿದ ಕೋಲಿನ ತುದಿಯಲ್ಲಿ ಕೆತ್ತಿದ ಬೊಂಬೆಯೂ ಒಂದು ಗಾದೆಯೇ. ಅರಸ ಸತ್ತ ಎಂದು ಹೇಳುವಂತಿಲ್ಲ, ಹಳ್ಳಿಗೆ ಹೋದರು ಎನ್ನುತ್ತಾರೆ, ದೊಡ್ಡ ಮರ ಉರುಳಿತು ಎನ್ನುತ್ತಾರೆ. ತೀರಿಕೊಂಡರು, ಲಿಂಗೈಕ್ಯರಾದರು ಎನ್ನುವ ನಮಗೆ ಇದರ ನಯ ಅರ್ಥವಾಗುತ್ತದೆ. ಕುಮಾಸಿಯ ಮನ್ಹಿಯಾ ಅರಮನೆಯಲ್ಲಿ 42 ದಿನಕ್ಕೊಮ್ಮೆ ಭಾನುವಾರ 'ಅಕ್ವಾಸಿದಾಯೆ' ಎಂಬ ಹಬ್ಬ ನಡೆಯುತ್ತದೆ. ತಪ್ಪಿಸಬೇಡಿ. ಒಚಿಯಾಮೆಯರು, ಮದ್ದಳೆ, ಬಟ್ಟೆ ಎಲ್ಲವೂ ಒಂದೇ ಕಡೆ ಸಿಗುತ್ತದೆ.

ದಿನದ ಅಭ್ಯಾಸಕ್ಕೆ ಸಂತೆಗಿಂತ ಒಳ್ಳೆಯ ಶಾಲೆ ಇಲ್ಲ. ಕೆಜೆತಿಯಾ ಮಾರುಕಟ್ಟೆಗೆ ವಾರಕ್ಕೆರಡು ಸಲ ಹೋಗಿ, ಒಬ್ಬರೇ ತರಕಾರಿ ಅಮ್ಮನ ಹತ್ತಿರ ಕೊಳ್ಳಿ. 'ತೆ ಸೊ ಕಕ್ರ' ಎಂದರೆ ಸ್ವಲ್ಪ ಕಡಿಮೆ ಮಾಡಿ. ಬೆಲೆ ಒಪ್ಪಿದ ಮೇಲೆ 'ನ್ತೊಸೊ' ಕೇಳಿ. ಅದು ನಮ್ಮ ಕೊಸರು. ಟೊಮೆಟೊ ರಾಶಿಯ ಮೇಲೆ ಎರಡು ಜಾಸ್ತಿ ಬಿದ್ದ ದಿನ ನಿಮ್ಮ ಚ್ವಿ ಸರಿ ದಾರಿಯಲ್ಲಿದೆ. ಎಫ್‌ಎಂ ರೇಡಿಯೊ ಹಾಕಿಟ್ಟು ಕೆಲಸ ಮಾಡಿ, ಕುಮಾಸಿಯಲ್ಲಿ ಬೆಳಗಿನ ಚರ್ಚೆಗಳು ಚ್ವಿಯಲ್ಲೇ ಇರುತ್ತವೆ. ಗೂಗಲ್ ಟ್ರಾನ್ಸ್‌ಲೇಟ್ 2022ರಲ್ಲಿ 24 ಹೊಸ ಭಾಷೆ ಸೇರಿಸಿದಾಗ ಅದರಲ್ಲಿ ಚ್ವಿಯೂ ಇತ್ತು, ನಮ್ಮ ಕೊಂಕಣಿಯೂ ಇತ್ತು. ಒಂದು ಪದದ ಅರ್ಥ ನೋಡಲು ಅದು ಸಾಕು, ದನಿ ಕಲಿಯಲು ಅಲ್ಲ. ನನ್ನ ಅನುಭವದಲ್ಲಿ ದಿನಾ ಅರ್ಧ ಗಂಟೆ ಬಾಯಿ ಬಿಟ್ಟು ಮಾತಾಡಿದವರಿಗೆ ಆರು ತಿಂಗಳಲ್ಲಿ ಸಂತೆಯ ಮಾತು ಬರುತ್ತದೆ. ಊಟದ ಮೇಜಿನ ನಗುವಿಗೆ ಇನ್ನೊಂದು ವರ್ಷ ಕೊಡಿ.

ತೆಮಾ ಬಿಡುವ ಮೊದಲು ಒಂದು ಮಾತು. ಅಕ್ರಾ, ತೆಮಾ ಚ್ವಿ ಜನರ ಊರಲ್ಲ, ಅದು ಗಾ ಭಾಷೆಯವರ ನೆಲ. ಸಂತೆಯಲ್ಲಿ ಚ್ವಿ ನಡೆಯುತ್ತದೆ ನಿಜ. ಆದರೆ ಘಾನಾದವರೆಲ್ಲ ಆಕಾನರು ಎಂದುಕೊಂಡು ಗಾ, ಎವೆ, ದಗೊಂಬಾ ಜನರ ಹತ್ತಿರ ಚ್ವಿಯಲ್ಲಿ ಶುರು ಮಾಡಬೇಡಿ. ಯಾವ ಭಾಷೆ ನಿಮ್ಮದು ಎಂದು ಮೊದಲು ಕೇಳಿ. ಬೆಂಗಳೂರಿನಲ್ಲಿ ನಮ್ಮನ್ನು ಕೇಳದೆಯೇ ಬೇರೆ ಭಾಷೆಯಲ್ಲಿ ಮಾತಾಡಿಸಿದರೆ ಹೇಗೆ ಅನ್ನಿಸುತ್ತದೆ ಎಂದು ನಿಮಗೆ ಗೊತ್ತಲ್ಲ.

ಇನ್ನು ಕುಮಾಸಿಯಲ್ಲಿ ಮೊದಲ ವಾರವೇ ಯಾರಾದರೂ ನಿಮ್ಮನ್ನು ಕೇಳುತ್ತಾರೆ, ಯಾವ ವಾರ ಹುಟ್ಟಿದ್ದು ಎಂದು. ಆಕಾನರಲ್ಲಿ ಹುಟ್ಟಿದ ವಾರವೇ ಮೊದಲ ಹೆಸರು. ಅದು ಆತ್ಮದ ಹೆಸರು, ಯಾರೂ ಇಡಬೇಕಿಲ್ಲ, ಮಗು ತಾನೇ ತಂದುಕೊಂಡದ್ದು. ಎಂಟನೇ ದಿನ ಅಪ್ಪ ಕೊಡುವ ಹೆಸರು ಬೇರೆ. ಗಂಡಸಾದರೆ ಭಾನುವಾರ ಕ್ವಾಸಿ, ಸೋಮವಾರ ಕ್ವಾಜೊ, ಮಂಗಳವಾರ ಕ್ವಾಬೆನಾ, ಬುಧವಾರ ಕ್ವಾಕು, ಗುರುವಾರ ಯಾವ್, ಶುಕ್ರವಾರ ಕೊಫಿ, ಶನಿವಾರ ಕ್ವಾಮೆ. ಹೆಂಗಸಾದರೆ ಅಕೊಸುವಾ, ಅಜ್ವೊವಾ, ಅಬೆನಾ, ಅಕುವಾ, ಯಾ, ಅಫುವಾ, ಅಮಾ. 1900ರಲ್ಲಿ ಬ್ರಿಟಿಷರು ಅಸಾಂತೆಯರ ಚಿನ್ನದ ಪೀಠ ಕೇಳಿದಾಗ ಯುದ್ಧಕ್ಕೆ ನಿಂತ ಎಜಿಸುವಿನ ರಾಣಿ ತಾಯಿ ಯಾ ಅಸಾಂತೆವಾ ಗುರುವಾರದವರು. ವಿಶ್ವಸಂಸ್ಥೆಯ ಕೊಫಿ ಅನ್ನಾನ್ ಶುಕ್ರವಾರದವರು. ಕಥೆಗಳ ಜೇಡ ಅನಾನ್ಸೆಯ ಪೂರ್ತಿ ಹೆಸರು ಕ್ವಾಕು ಅನಾನ್ಸೆ, ಬುಧವಾರದವನು. ಆ ಚಿನ್ನದ ಪೀಠಕ್ಕೂ ಹುಟ್ಟಿದ ವಾರ ಇದೆ, 'ಸಿಕ ಜ್ವ ಕೊಫಿ', ಶುಕ್ರವಾರ ಬಂದ ಪೀಠ.

ಹಾಗಾಗಿ ಹೊರಡುವ ಮೊದಲು ಊರಿಗೆ ಫೋನ್ ಮಾಡಿ, ಅಮ್ಮನನ್ನು ಕೇಳಿ. ಜಾತಕ ಬರೆಸಿದ್ದರೆ ಅದರಲ್ಲೂ ಇರುತ್ತದೆ. ಬೆಳಗಿನ ಜಾವ ಹುಟ್ಟಿದ್ದರೆ ಮಾತ್ರ ಕ್ಯಾಲೆಂಡರ್ ಜೊತೆ ಒಮ್ಮೆ ಹೋಲಿಸಿ ನೋಡಿ, ನಮ್ಮ ಪಂಚಾಂಗದಲ್ಲಿ ಸೂರ್ಯ ಹುಟ್ಟುವ ತನಕ ಹಿಂದಿನ ವಾರವೇ ನಡೆಯುತ್ತಿರುತ್ತದೆ.